ಚಿನಕುರಳಿ ರಸ್ತೆಯಲ್ಲಿ ಒಂದು ಒದ್ದೆ ಬಟ್ಟೆ

ಮೊದಲೇ ಹೇಳಿಬಿಡುತ್ತೇನೆ. ಇಂಥ ಕಥೆಯನ್ನು ಬೇರೆ ಯಾರಾದರೂ ನನ್ನ ಮುಂದೆ ಹೇಳಿದ್ದರೆ ನಾನು ಪೂರ್ತಿ ಕೇಳುತ್ತಿರಲಿಲ್ಲ. ಅರ್ಧಕ್ಕೇ ತಡೆದು, 'ಬೆಳಿಗ್ಗೆ ತಿಂಡಿ ತಿಂದಿದ್ರಾ?' ಎಂದು ಕೇಳಿ, ಅವರ ಮುಖ ಸಣ್ಣದು ಮಾಡಿ ಕಳಿಸುತ್ತಿದ್ದೆ. ಪಾಂಡವಪುರದಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡಿಕೊಂಡು ಬಂದಿದ್ದೇನೆ. ಗಾಡಿಗೆ ಗಾಳಿ ಮೆಟ್ಟಿಕೊಂಡಿದೆ, ದೃಷ್ಟಿಯಾಗಿದೆ, ದಾಯಾದಿಗಳು ಏನೋ ಮಾಡಿಸಿದ್ದಾರೆ ಎಂದುಕೊಂಡು ಬರುವವರು ತಿಂಗಳಿಗೆ ಇಬ್ಬರಾದರೂ ಇರುತ್ತಾರೆ. ಬಂಪರಿಗೆ ಕಟ್ಟಿದ ನಿಂಬೆಹಣ್ಣು, ಮೆಣಸಿನಕಾಯಿ ಪಕ್ಕಕ್ಕೆ ಸರಿಸಿ ಬ್ಯಾಟರಿಗೆ ಮೀಟರು ಹಿಡಿದರೆ ಹನ್ನೆರಡು ಇರಬೇಕಾದ ಕಡೆ ಒಂಬತ್ತು ವೋಲ್ಟ್ ತೋರಿಸುತ್ತಿರುತ್ತದೆ. 'ದೆವ್ವ ಸಿಕ್ತು ನೋಡಿ. ಬ್ಯಾಟರಿಗೆ ನೀರು ಬಿಡದೆ ಸಾಯಿಸಿದ್ದೀರಲ್ಲ, ಅದೇ ದೆವ್ವವಾಗಿ ಕೂತಿದೆ' ಎಂದು ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಿದ್ದೆ. ನನ್ನ ಬಾಯಿಯ ವಿಷಯದಲ್ಲಿ ನನ್ನ ಹೆಂಡತಿಗೂ ಗಿರಾಕಿಗಳಿಗೂ ಒಂದೇ ಅಭಿಪ್ರಾಯ.

ಅಂಥವನು ಈಗ ಇದನ್ನು ಬರೆಯುತ್ತಿದ್ದೇನೆ. ನಗುವವರು ನಗಲಿ. ನಾನೂ ಎಷ್ಟೋ ಜನರನ್ನು ನೋಡಿ ನಕ್ಕಿದ್ದೇನೆ, ಅದು ತಿರುಗಿ ಬಂದರೆ ದೂರುವ ಹಕ್ಕು ನನಗಿಲ್ಲ.

ನಿಂಗೇಗೌಡರು ಸಿಂಧಘಟ್ಟದವರು. ಮಾಕವಳ್ಳಿ ಕಡೆ ಸಕ್ಕರೆ ಕಾರ್ಖಾನೆಯಲ್ಲಿ ಸಾಹೇಬರ ಕಾರು ಓಡಿಸಿಕೊಂಡಿದ್ದು ರಿಟೈರಾದ ಮೇಲೆ, ಜೀವಮಾನವೆಲ್ಲ ತಾವು ಓಡಿಸಿದಂಥದ್ದೇ ಒಂದು ಹಳೇ ಪೆಟ್ರೋಲ್ ಕಾರು ಹುಡುಕಿ ತಂದಿದ್ದರು. ಗುಂಡು ಮೂತಿಯ ಬಿಳಿ ಕಾರು. ಹೆಸರು ಹೇಳಬೇಕಾಗಿಲ್ಲ, ಒಂದು ಕಾಲಕ್ಕೆ ಸರ್ಕಾರಿ ಆಫೀಸಿನ ಮುಂದೆಲ್ಲ ಅದೇ ನಿಂತಿರುತ್ತಿತ್ತು. ಬೆಳಿಗ್ಗೆ ಎದ್ದು ಎತ್ತಿನ ಮೈ ತೊಳೆದಂತೆ ಅದನ್ನು ತೊಳೆಯುತ್ತಿದ್ದರು. ಶೋಕಿಗೆ ತಂದ ಕಾರು ಎರಡೇ ವರ್ಷಕ್ಕೆ ಬೇರೆ ಕೆಲಸಕ್ಕೆ ಬಿತ್ತು. ಅವರ ಹೆಂಡತಿ ಜಯಮ್ಮನವರಿಗೆ ಎರಡೂ ಕಿಡ್ನಿ ಹೋದವು. ವಾರಕ್ಕೆ ಎರಡು ದಿನ ಮೈಸೂರಿನ ಆಸ್ಪತ್ರೆಯೊಂದಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಇವರಿಗೆ ಕೊಟ್ಟಿದ್ದ ಸರದಿ ಮಧ್ಯಾಹ್ನ ಎರಡು ಗಂಟೆಯದು. ಅಷ್ಟರೊಳಗೆ ಹೋಗದಿದ್ದರೆ ಮಿಷನ್ನು ಮುಂದಿನವರಿಗೆ.

ಬಸ್ಸಿನ ಮೆಟ್ಟಿಲು ಹತ್ತಲು ಜಯಮ್ಮನವರ ಊದಿದ ಕಾಲಿಗೆ ಆಗುತ್ತಿರಲಿಲ್ಲ. ಬಾಡಿಗೆ ಕಾರಿನವರು ಮೊದಮೊದಲು ಬಂದರು, ಆಸ್ಪತ್ರೆ ಮುಂದೆ ಐದಾರು ಗಂಟೆ ಕಾಯಬೇಕು ಎಂದು ಗೊತ್ತಾದ ಮೇಲೆ ಒಬ್ಬೊಬ್ಬರೇ ಫೋನ್ ಎತ್ತುವುದನ್ನು ಬಿಟ್ಟರು. ನಿಂಗೇಗೌಡರಿಗೆ ಅದೇ ಬೇಕಾಗಿತ್ತೋ ಏನೋ. "ಕಂಡೋರ್ ಎಂಡ್ತೀರ್ನೆಲ್ಲ ಕಾರಲ್ಲಿ ಕೂರುಸ್ಕಂಡು ಓಡಾಡ್ಸಿವ್ನಿ, ನನ್ ಎಂಡ್ತೀನ ನಾನು ಕರ್ಕಂಡೋಗಾಕಿಲ್ವಾ?" ಎನ್ನುತ್ತಿದ್ದರು. ಆ ಮುದುಕರು ಹೆಂಡತಿಯನ್ನು ಉಳಿಸಿಕೊಳ್ಳಲು ಹಟ ಹಿಡಿದಿದ್ದರು. ಆ ಹಟ ಪೂರಾ ನಿಂತಿದ್ದುದು ಈ ಹಳೇ ಕಾರಿನ ಮೇಲೆ.

ಬೇಸಿಗೆ ಬಂತು, ಕಾರು ಕೈ ಕೊಡತೊಡಗಿತು. ಬೆಳಗಿನ ಹೊತ್ತು ಏನೂ ತೊಂದರೆಯಿಲ್ಲ. ಸುಡುಬಿಸಿಲಲ್ಲಿ ಒಂದು ಗಂಟೆ ಓಡಿತೋ, ಯಾರೋ ಕೀ ತಿರುಗಿಸಿ ಆಫ್ ಮಾಡಿದಂತೆ ನಿಂತುಬಿಡುವುದು. ಎಷ್ಟು ಸ್ಟಾರ್ಟರ್ ಕೊಟ್ಟರೂ ಇಲ್ಲ. ಮುಕ್ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲವೆನ್ನುವಂತೆ ಹತ್ತಿಕೊಳ್ಳುವುದು. ಕೆ.ಆರ್.ಪೇಟೆಯ ಮೆಕ್ಯಾನಿಕ್ಕುಗಳು ಪೆಟ್ರೋಲ್ ಪೈಪಿಗೆ ಗಾಳಿ ಸೇರಿ ಏರ್ ಲಾಕ್ ಆಗಿದೆ ಎಂದು ಪೆಟ್ರೋಲ್ ಪಂಪು ಬದಲಾಯಿಸಿದರು, ಕಾರ್ಬುರೇಟರ್ ಬಿಚ್ಚಿ ತೊಳೆದರು. ಯಾರೋ ಪುಣ್ಯಾತ್ಮರು ತಾಯಿತ ಕಟ್ಟಿಸಿಕೊಟ್ಟರು. ಕಾರು ಮಾತ್ರ ತನ್ನ ಪಾಡಿಗೆ ತಾನು ನಿಲ್ಲುತ್ತಲೇ ಇತ್ತು.

ಕೊನೆಗೆ ಯಾರೋ ನನ್ನ ಹೆಸರು ಹೇಳಿದರಂತೆ, ಫೋನ್ ಮಾಡಿದರು. "ಆಚಾರ್ರೇ, ನಾಳೀಕೆ ಆಸ್ಪತ್ರೆಗೆ ಓಗ್ಬೇಕು. ಇವತ್ತೊಂದ್ ಸಲ ನೋಡ್ಬುಡಿ" ಎಂದರು. ಆ ದಿನ ಅಮಾವಾಸ್ಯೆ. ನಮ್ಮದು ಅಕ್ಕಸಾಲಿಗರ ಮನೆ. ಅಮಾವಾಸ್ಯೆ ದಿನ ಅಪ್ಪ ಅಗ್ಗಿಷ್ಟಿಕೆ ಹೊತ್ತಿಸುತ್ತಿರಲಿಲ್ಲ, ಸಾಮಾನು ಮುಟ್ಟುತ್ತಿರಲಿಲ್ಲ. ನಾನು ಆ ಕಸುಬು ಬಿಟ್ಟು ವೈರು ಹಿಡಿದರೂ ಅದೊಂದನ್ನು ಬಿಟ್ಟಿಲ್ಲ. ಭಕ್ತಿಯಿಂದ ಅಂತ ತಿಳಿಯಬೇಡಿ, ತಿಂಗಳಿಗೊಂದು ರಜಾ ಹಾಕಲು ಒಳ್ಳೇ ನೆಪ. "ಇವತ್ತು ಅಮಾಸೆ, ಸಾಮಾನು ಮುಟ್ಟಾಕಿಲ್ಲ. ನಾಡಿದ್ದು ತನ್ನಿ" ಎಂದು ಫೋನಿಟ್ಟೆ. ಊಟ ಮಾಡಿ ಮಲಗಿಯೂ ಬಿಟ್ಟೆ.

ಮಾರನೆಯ ದಿನ ಕಾರು ದಾರಿಯಲ್ಲಿ ಎರಡು ಸಲ ನಿಂತಿತು. ಸರದಿ ತಪ್ಪಿತು. ಅವತ್ತು ರಾತ್ರಿ ಜಯಮ್ಮನವರ ಶ್ವಾಸಕೋಶಕ್ಕೆ ನೀರು ತುಂಬಿಕೊಂಡು ಮೇಲುಸಿರು ಹತ್ತಿ, ಎರಡು ದಿನ ಆಕ್ಸಿಜನ್ ಹಾಕಿದ್ದರಂತೆ. ನಿಂಗೇಗೌಡರು ಕಾರು ತಂದಾಗ ಈ ಸುದ್ದಿ ಹೇಳಿದರು, ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ನಾಚಿಕೆಯಿಂದ ತಲೆಯೆತ್ತಲು ಆಗಲಿಲ್ಲ. ದೇವರನ್ನೂ ನಂಬದವನು ಅಮಾವಾಸ್ಯೆಯ ನೆಪ ಹೇಳಿ ಒಂದು ಜೀವಕ್ಕೆ ಕುತ್ತು ತಂದಿದ್ದೆನಲ್ಲ.

ಅಂಗಡಿ ಮುಂದೆ ಎರಡು ಗಂಟೆ ಇಂಜಿನ್ ಓಡಿಸಿದರೂ ಆ ಕಾರು ನಿಲ್ಲಲಿಲ್ಲ. ಇಂಥ ರೋಗ ಡಾಕ್ಟರ ಮುಂದೆ ಕಾಣಿಸಿಕೊಳ್ಳುವುದಿಲ್ಲ. ಆದರೆ ನನಗೆ ಅಂದಾಜು ಸಿಕ್ಕಿತ್ತು. ಹಳೇ ಕಾರುಗಳಲ್ಲಿ ಪ್ಲಗ್ಗಿಗೆ ಕಿಡಿ ಕೊಡಲು ಪಾಯಿಂಟ್ ಎಂಬ ಎರಡು ಲೋಹದ ತುಟಿಗಳಿರುತ್ತಿದ್ದವು. ಹಿಂದಿನ ಯಜಮಾನ ಅದನ್ನು ತೆಗೆಸಿ ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕಿಸಿದ್ದ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿ. ಅದು ಒಳ್ಳೆಯದೇ, ಆದರೆ ಕಾವು ತಡೆಯದು. ಮಿತಿಮೀರಿ ಕಾದರೆ ಸುಮ್ಮನಾಗುತ್ತದೆ, ಆರಿದ ಮೇಲೆ ತಾನೇ ಎಚ್ಚರಾಗುತ್ತದೆ. ತೊಂದರೆಯೆಂದರೆ, ಪಕ್ಕದಲ್ಲೇ ಇರುವ, ಕಿಡಿಗೆ ಬೇಕಾದಷ್ಟು ಕರೆಂಟು ಏರಿಸಿಕೊಡುವ ಕಾಯ್ಲು ಕೆಟ್ಟರೂ ಲಕ್ಷಣ ಹೀಗೇ ಇರುತ್ತದೆ. ಕಾಯ್ಲು ನನ್ನ ಅಂಗಡಿಯಲ್ಲೇ ಇತ್ತು. ಆ ಡಬ್ಬಿ ಬೆಂಗಳೂರಿನಿಂದ ಬರಬೇಕು, ಎಂಟು ಹತ್ತು ದಿನ. ಎರಡರಲ್ಲಿ ಯಾವುದು ಎಂದು ತಿಳಿಯಲು ದಾರಿ ಒಂದೇ. ಕಾರು ನಿಂತ ಗಳಿಗೆಯಲ್ಲಿ ಪಕ್ಕದಲ್ಲಿದ್ದು, ಒಂದೊಂದರ ಮೇಲೂ ಒದ್ದೆ ಬಟ್ಟೆ ಹಾಕಿ ತಣಿಸಿ ನೋಡಬೇಕು. ಯಾವುದನ್ನು ತಣಿಸಿದಾಗ ಕಿಡಿ ಬರುತ್ತದೋ ಅದೇ ಕಳ್ಳ.

"ಮುಂದಿನ ಸಲ ನಾನೂ ಬತ್ತೀನಿ" ಎಂದೆ.

ನಾನು ಪಾಂಡವಪುರದಿಂದ ಬಸ್ಸಿನಲ್ಲಿ ಬಂದಿದ್ದೆ, ಹೇಳಿದಂತೆ ಕೆ.ಆರ್.ಪೇಟೆ ಬಸ್‌ಸ್ಟ್ಯಾಂಡ್ ಹತ್ತಿರ ನನ್ನನ್ನು ಹತ್ತಿಸಿಕೊಂಡರು. ಹೊಸ ಕಾಯ್ಲು, ಟೆಸ್ಟ್ ಲ್ಯಾಂಪು, ಎರಡು ಲೀಟರಿನ ನೀರಿನ ಬಾಟಲಿ, ಹಳೇ ಟವಲ್ಲು, ಇಷ್ಟು ನನ್ನ ಬ್ಯಾಗಿನಲ್ಲಿದ್ದವು. ಬಾಟಲಿ ಕಂಡದ್ದೇ ನಿಂಗೇಗೌಡರು ಅದನ್ನು ಕಿತ್ತುಕೊಂಡು ಟೀ ಅಂಗಡಿಯ ಬೆಂಚಿನ ಮೇಲೆ ಇಟ್ಟು ಬಂದರು. "ಗಾಡೀಲಿ ನೀರು ಮಡಗಾಕಿಲ್ಲ ಆಚಾರ್ರೇ. ಇವ್ಳು ಕಂಡ್ರೆ ತಡ್ಕಳಾಕಿಲ್ಲ" ಎಂದರು. ಜಯಮ್ಮನವರಿಗೆ ದಿನಕ್ಕೆ ಇಷ್ಟೇ ಲೋಟ ನೀರು ಎಂದು ಲೆಕ್ಕವಿತ್ತು. ಕಣ್ಣಿಗೆ ಕಂಡರೆ ಆಸೆಯಾಗುತ್ತದೆಂದು ಗಂಡ ಕಾರಿನಲ್ಲಿ ಒಂದು ತೊಟ್ಟು ನೀರನ್ನೂ ಇಡುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದ್ದ ಆಕೆ ಆ ಬೆಂಚಿನ ಮೇಲಿನ ಬಾಟಲಿಯನ್ನು ಕಾರು ತಿರುಗುವವರೆಗೂ ನೋಡುತ್ತಿದ್ದರು. ನೋಡಿ ನನಗೆ ಕಸಿವಿಸಿಯಾಯಿತು. ದಾರಿಯಲ್ಲಿ ಎಲ್ಲಾದರೂ ನೀರು ಸಿಕ್ಕೇ ಸಿಗುತ್ತದೆ ಎಂದುಕೊಂಡು ಸುಮ್ಮನಾದೆ.

ಸಿಗಲಿಲ್ಲ. ಚಿನಕುರಳಿ ಇನ್ನೂ ದೂರವಿರುವಾಗಲೇ, ಎರಡೂ ಕಡೆ ಕಬ್ಬು ಕಡಿದು ಕೂಳೆ ಬಿಟ್ಟಿದ್ದ ಬಯಲಿನ ನಡುವೆ ಕಾರು ನಿಂತಿತು. ಮಟಮಟ ಮಧ್ಯಾಹ್ನ. ಗಂಟೆ ಹನ್ನೆರಡು ಕಳೆದಿತ್ತು. ನಾಲೆಗೆ ನೀರು ಬಿಟ್ಟಿರಲಿಲ್ಲ. ದೂರದಲ್ಲಿ ಒಂದು ಪಂಪ್‌ಸೆಟ್ಟಿನ ಮನೆ, ಅದರ ಪಕ್ಕ ನಾಲ್ಕು ತೆಂಗಿನ ಮರ ಕಾಣಿಸುತ್ತಿದ್ದವು. ನಿಂಗೇಗೌಡರು ಡಿಕ್ಕಿಯಿಂದ ಖಾಲಿ ಕ್ಯಾನು ತೆಗೆದುಕೊಂಡು ಗದ್ದೆಯ ಬದುವಿನ ಮೇಲೆ ಆ ಕಡೆ ಹೊರಟರು. ಹೋಗಿ ಬರಲು ಇಪ್ಪತ್ತು ನಿಮಿಷವಾದರೂ ಬೇಕು. ಹೋಗುವ ಮುಂಚೆ ಹೆಂಡತಿಯ ಕಡೆಯ ಕಿಟಕಿ ಇಳಿಸಿ, "ಇಲ್ಲೇ ಇರ್ತಾರೆ ಆಚಾರ್ರು, ಎದರ್ಕಬ್ಯಾಡ" ಎಂದು ಹೇಳಿದರು.

ನಾನು ಬಾನೆಟ್ ಎತ್ತಿ ತಲೆ ಒಳಗೆ ಹಾಕಿದೆ. ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಅಡ್ಡ ಕೊಟ್ಟು ಇಂಜಿನ್ ತಿರುಗಿಸಿದರೆ ಕಿಡಿಯಿಲ್ಲ. ಕಾಯ್ಲಿಗೆ ಕರೆಂಟು ಬರುತ್ತಿತ್ತು. ಟೆಸ್ಟ್ ಲ್ಯಾಂಪು ಮಿಣುಕಬೇಕಾದ ಕಡೆ ಮಿಣುಕದೆ ಒಂದೇ ಸಮ ಉರಿಯುತ್ತಿತ್ತು. ಅಲ್ಲಿಗೆ ಮುಕ್ಕಾಲು ಪಾಲು ಡಬ್ಬಿಯ ಮೇಲೇ ಅನುಮಾನ. ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿದೆ, ಚುರ್ ಎಂದಿತು. ಬೆರಳು ಬಾಯಿಗಿಟ್ಟುಕೊಂಡು ಹಾಗೇ ಬಗ್ಗಿ ನಿಂತಿದ್ದೆ. ಗಾಳಿಯಿಲ್ಲ, ಹಕ್ಕಿಯ ಸದ್ದಿಲ್ಲ. ರಸ್ತೆಯಲ್ಲಿ ಅಷ್ಟು ಹೊತ್ತಿಗೂ ಒಂದು ಬೈಕು ಸಹ ಬಂದಿರಲಿಲ್ಲ. ಕಾದ ಇಂಜಿನ್ನಿನ ಟಿಕ್ ಟಿಕ್ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಆಗ ನನ್ನ ಬಲಗಡೆಯಿಂದ ಒಂದು ಕೈ ಬಂತು.

ಹೆಂಗಸಿನ ಎಡಗೈ. ಮಣಿಕಟ್ಟಿನ ತುಂಬ ಹಸಿರು ಗಾಜಿನ ಬಳೆ. ನಾಲ್ಕು ಮಡಿಕೆ ಮಾಡಿದ ಬಿಳೀ ಬಟ್ಟೆ, ನೀರು ತೊಟ್ಟಿಕ್ಕುತ್ತಿತ್ತು. ಜ್ವರ ಬಂದ ಮಗುವಿನ ಹಣೆಗೆ ಹಾಕುವ ಹಾಗೆ ಅದನ್ನು ಡಬ್ಬಿಯ ಮೇಲೆ ಮೆಲ್ಲಗೆ ಇಟ್ಟು, ಎರಡು ಬೆರಳಿನಿಂದ ಒತ್ತಿತು. ಒಂದೆರಡು ತೊಟ್ಟು ಕೆಳಗಿನ ಕಾದ ಕಬ್ಬಿಣದ ಮೇಲೆ ಬಿದ್ದು ಚುಯ್ ಎಂದವು. ಕಿವಿಯ ಹತ್ತಿರ, ತೀರ ಹತ್ತಿರ, "ಆರ್ಲಿ ಬುಡು" ಎಂದು ಹೆಂಗಸಿನ ದನಿ ಹೇಳಿತು.

ನನಗೆ ಹೆದರಿಕೆಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಬಂದದ್ದು ಸಿಟ್ಟು. ನಡೆಯಲಾಗದ ಮುದುಕಿ ಬಿಸಿಲಿಗೆ ಯಾಕೆ ಇಳಿದು ಬಂದರೋ, ಬಿದ್ದರೆ ಯಾರು ಎತ್ತುವವರು ಎಂದು ಸಿಡುಕಿದೆ. "ಯಾಕಮ್ಮ ಇಳುದ್ರಿ? ಓಗಿ ಒಳಗ್ ಕೂತ್ಕಳಿ" ಎಂದೆ. ತಲೆಯೆತ್ತಿ ನೋಡಲಿಲ್ಲ, ನನ್ನ ಕಣ್ಣು ಡಬ್ಬಿಯ ಮೇಲಿತ್ತು. ಬಳೆಗಳ ಸದ್ದು ಹಿಂದಕ್ಕೆ ಹೋದದ್ದು ಕೇಳಿಸಿತು. ಎರಡು ಮೂರು ನಿಮಿಷ ಬಿಟ್ಟು, ಬಟ್ಟೆಯ ಅಂಚು ಎತ್ತಿ ಮುಟ್ಟಿ ನೋಡಿದರೆ ಡಬ್ಬಿ ತಣ್ಣಗೆ ಕೊರೆಯುತ್ತಿತ್ತು. ಸ್ಟಾರ್ಟರಿಗೆ ಸ್ಕ್ರೂಡ್ರೈವರ್ ಕೊಟ್ಟೆ. ಪ್ಲಗ್ಗಿನ ತುದಿಯಲ್ಲಿ ಟಪ್ ಟಪ್ ಎಂದು ದಪ್ಪನೆ ನೀಲಿ ಕಿಡಿ ಹಾರಿತು.

ಕಳ್ಳ ಸಿಕ್ಕಿಬಿದ್ದ ಖುಷಿಯಲ್ಲಿ, "ಬಂತು ನೋಡ್ರಮ್ಮ!" ಎಂದು ತಿರುಗಿದೆ. ಹಿಂದೆ ಯಾರೂ ಇರಲಿಲ್ಲ.

ರಸ್ತೆ ಎರಡೂ ಕಡೆಗೆ ನೆಟ್ಟಗೆ ಕಾಣುತ್ತಿತ್ತು, ಖಾಲಿ. ಕಬ್ಬಿನ ಕೂಳೆಯಲ್ಲಿ ಕೋಳಿಮರಿಯೂ ಅವಿತುಕೊಳ್ಳಲು ಆಗುತ್ತಿರಲಿಲ್ಲ. ನಿಂಗೇಗೌಡರ ಬಿಳೀ ಅಂಗಿ ದೂರದ ತೆಂಗಿನ ಮರಗಳ ಹತ್ತಿರ ಚುಕ್ಕೆಯಾಗಿ ಕಾಣುತ್ತಿತ್ತು. ಹಿಂದಿನ ಬಾಗಿಲಿಗೆ ಹೋದೆ. ಜಯಮ್ಮನವರು ದಿಂಬಿಗೆ ತಲೆಯಿಟ್ಟು ಕಣ್ಣು ಮುಚ್ಚಿದ್ದರು. ಆ ಬಾಗಿಲಿನ ಒಳಗಿನ ಹಿಡಿ ಮುರಿದು ಎಷ್ಟೋ ದಿನವಾಗಿತ್ತು, ಹೊರಗಿನಿಂದ ಯಾರಾದರೂ ತೆಗೆದರೆ ಮಾತ್ರ ಉಂಟು. ಆಚೆ ಬಾಗಿಲಿಗೆ ಬಟ್ಟೆಯ ಬ್ಯಾಗು, ಹೊದಿಕೆ, ಮಾತ್ರೆಯ ಡಬ್ಬ ಒತ್ತರಿಸಿಕೊಂಡಿದ್ದವು. ಇದ್ದದ್ದು ಇದ್ದ ಹಾಗೇ ಇತ್ತು. ಇನ್ನೊಂದನ್ನು ಆಗ ನೋಡಿದೆ. ಆಕೆಯ ಎಡಗೈ ಬರಿಗೈ. ಡಯಾಲಿಸಿಸ್ ಸೂಜಿ ಚುಚ್ಚಲೆಂದು ಆ ಕೈಯ ರಕ್ತನಾಳಕ್ಕೆ ಆಪರೇಷನ್ ಮಾಡಿದ್ದರು. ನರ ಹಗ್ಗದಷ್ಟು ದಪ್ಪ ಉಬ್ಬಿತ್ತು. ಆ ಕೈಗೆ ಬಳೆ ಹಾಕುವಂತಿಲ್ಲ, ವಾಚು ಕಟ್ಟುವಂತಿಲ್ಲ.

ಆಕೆ ಕಣ್ಣು ಬಿಟ್ಟರು. ನಾನು ಇನ್ನೂ ಏನೂ ಹೇಳಿರಲಿಲ್ಲ. ಆಕೆಯೇ ಮೊದಲು ಮಾತಾಡಿದರು. "ಬಟ್ಟೆ ಆಕುದ್ರೆ ತಿರ್ಗೂ ನೋಡ್ನಿಲ್ವಲ್ಲಪ್ಪ ನೀನು. ಸಿಡುಕ್ಬುಟ್ಟೆ."

"ನೀವು ಇಳ್ದೇ ಇಲ್ಲ ಕಣಮ್ಮ" ಎಂದೆ.

"ಅದೇ ನಂಗೂ ಗೊತ್ತಾಯ್ತಿಲ್ಲ. ಕಾಲು ನೋಯ್ನಿಲ್ಲ, ಏನಿಲ್ಲ. ಎರಡ್ ಕೈಗೂ ಬಳೆ ಆಕಂಡಿದ್ದೆ. ಎಷ್ಟು ದಿನ ಆಗಿತ್ತೋ" ಎಂದು ಆಕೆ ಬರಿಗೈಯನ್ನು ನೋಡಿಕೊಂಡರು.

ಬಳೆಯ ಮಾತು ನಾನು ಎತ್ತಿರಲಿಲ್ಲ. ಏನಾದರೂ ಹೇಳಬೇಕಲ್ಲ ಎಂದು, "ನೀವೇಳ್ದಂಗೇ ಆಯ್ತು ಬುಡಿ, ಡಬ್ಬಿ ಆರುದ್ ಮ್ಯಾಲೆ ಕಿಡಿ ಬಂತು" ಎಂದೆ. ಆಕೆ ನನ್ನನ್ನೇ ನೋಡಿದರು. ಆ ನೋಟದಲ್ಲಿ ಭ್ರಮೆಯೇನೂ ಇರಲಿಲ್ಲ, ತೀರ ಎಚ್ಚರವಾಗಿದ್ದವರ ನೋಟ.

"ಗಾಡಿಗಲ್ಲ ಕಣಪ್ಪ ನಾನೇಳಿದ್ದು" ಎಂದರು.

ನಮ್ಮ ಮಾತಿನಲ್ಲಿ ಕಾಫಿಯೂ ಆರುತ್ತದೆ, ದೀಪವೂ ಆರುತ್ತದೆ. ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಅರ್ಥವಾದ ಮೇಲೆ ಆಕೆಯ ಮುಖ ನೋಡಲು ಆಗದೆ ರಸ್ತೆ ಕಡೆ ತಿರುಗಿದೆ. ಆಕೆ ಮಾತ್ರ ಸಾವಧಾನವಾಗಿ, ತರಕಾರಿ ತರಲು ಹೇಳುವವರ ಹಾಗೆ ಹೇಳುತ್ತ ಹೋದರು. "ಸಾಕಾಗ್ಬುಟ್ಟದೆ. ಚುಚ್ಚಿ ಚುಚ್ಚಿ ಕೈಯೇ ಉಳೀನಿಲ್ಲ. ನೀರು ಕುಡ್ಯಂಗಿಲ್ಲ. ಅವ್ರ್ಗೆ ಏಳುದ್ರೆ ಕೇಳಾಕಿಲ್ಲ, ಅಳ್ತಾರೆ. ಈ ಗಾಡಿ ಕೆಟ್ಕಂಡು ಮನೆಮುಂದೆ ನಿಂತ್ರೆ ಅವ್ರೂ ಸುಮ್ಕಾಯ್ತಾರೆ. ನೀನು ರಿಪೇರಿ ಮಾಡ್ಬ್ಯಾಡ ಕಣಪ್ಪ. ಆಗಾಕಿಲ್ಲ ಅಂದ್ಬುಡು."

ಅಷ್ಟರಲ್ಲಿ ನಿಂಗೇಗೌಡರು ಕ್ಯಾನು ಹೊತ್ತು ಏದುಸಿರು ಬಿಡುತ್ತ ಬದುವಿನ ಮೇಲೆ ಓಡುತ್ತ ಬರುತ್ತಿದ್ದುದು ಕಾಣಿಸಿತು. ಆ ವಯಸ್ಸಿನವರು ಹಾಗೆ ಓಡಬಾರದು. ನಾನು ಬಾನೆಟ್ ಹತ್ತಿರ ಹೋಗಿ ನೋಡಿದರೆ ಡಬ್ಬಿಯ ಮೇಲೆ ಬಟ್ಟೆ ಇರಲಿಲ್ಲ. ಇಂಜಿನ್ ಕೆಳಗೆ, ಚಕ್ರದ ಪಕ್ಕ, ರಸ್ತೆಯಂಚು, ಎಲ್ಲ ಹುಡುಕಿದೆ. ನನ್ನ ಹಳೇ ಟವಲ್ಲು ಬ್ಯಾಗಿನಲ್ಲಿ ಒಣಗಿಕೊಂಡೇ ಇತ್ತು. ನಿಂಗೇಗೌಡರು ಬಂದವರೇ ಡಬ್ಬಿಯ ಮೇಲೆ ಬೆರಳಾಡಿಸಿದರು. "ಇದ್ಯಾಕೆ ನೀರಾಗದೆ? ನೀರೆಲ್ಲಿತ್ತು ನಿಮ್ತಾವ?" ಎಂದರು. "ನನ್ ಬೆವರು" ಎಂದುಬಿಟ್ಟೆ. ಮೂವತ್ತು ವರ್ಷದ ಅನುಭವದಲ್ಲಿ ಅಷ್ಟು ದಡ್ಡ ಮಾತು ಇನ್ನೊಂದು ಆಡಿಲ್ಲ. ಅವರು ಪಾಪ ನಂಬಿದರು.

ಟವಲ್ಲು ನೆನೆಸಿ ಡಬ್ಬಿಗೆ ಕಟ್ಟಿದೆ. ಪಾಂಡವಪುರದಲ್ಲಿ ಒಂದು ಸಲ, ಶ್ರೀರಂಗಪಟ್ಟಣ ದಾಟಿ ಒಂದು ಸಲ ನಿಲ್ಲಿಸಿ ಮತ್ತೆ ನೆನೆಸಿದೆವು. ಎರಡಕ್ಕೆ ಇನ್ನೂ ಹತ್ತು ನಿಮಿಷವಿರುವಾಗ ಆಸ್ಪತ್ರೆ ಸೇರಿದೆವು. ನಿಂಗೇಗೌಡರು ಹೊರಗಿನಿಂದ ಬಾಗಿಲು ತೆಗೆದು, ಎರಡೂ ಕೈ ಕೊಟ್ಟು ಹೆಂಡತಿಯನ್ನು ಇಳಿಸಿಕೊಂಡರು. ಗಾಲಿಕುರ್ಚಿಯಲ್ಲಿ ಒಳಗೆ ಹೋಗುವಾಗ ಆಕೆ ತಿರುಗಿ ನನ್ನನ್ನು ನೋಡಿದರು.

ಹೊಸ ಡಬ್ಬಿ ಬರುವವರೆಗೂ ಒದ್ದೆ ಟವಲ್ಲು ಕಟ್ಟಿಕೊಂಡೇ ಆಸ್ಪತ್ರೆಗೆ ಓಡಾಡಿ ಎಂದಿದ್ದೆ. ಎಂಟನೆಯ ದಿನಕ್ಕೆ ಅದು ಬೆಂಗಳೂರಿನಿಂದ ಬಂತು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಿಂಗೇಗೌಡರು ಫೋನ್ ಮಾಡಿದಾಗ ಎರಡು ದಿನ 'ಇನ್ನೂ ಬಂದಿಲ್ಲ' ಎಂದೆ. ಪಾರ್ಸಲ್ಲು ನನ್ನ ಕಣ್ಣ ಮುಂದೆ ಶೆಲ್ಫಿನ ಮೇಲಿತ್ತು. ಒಬ್ಬರು ಬದುಕಿಸು ಎಂದು ಕಾರು ತಂದಿದ್ದಾರೆ, ಇನ್ನೊಬ್ಬರು ಬೇಡ ಎಂದು ಕೇಳಿಕೊಂಡಿದ್ದಾರೆ, ನಡುವೆ ಸ್ಕ್ರೂಡ್ರೈವರ್ ಹಿಡಿದವನು ನಾನು. ನನಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನನ್ನನ್ನೇ ಬೈದುಕೊಂಡೆ. ಮೂರನೆಯ ದಿನ, ಆ ಜೀವ ಹೋಗುವುದಾದರೆ ಮನೆಯಲ್ಲೋ ಆಸ್ಪತ್ರೆಯಲ್ಲೋ ಹೋಗಲಿ, ನಾನು ಕೆಡಿಸಿಟ್ಟ ಗಾಡಿಯಲ್ಲಿ ನಡುರಸ್ತೆಯಲ್ಲಿ ಉಸಿರಿಗೆ ಒದ್ದಾಡಿಕೊಂಡು ಬೇಡ ಎಂದು ಡಬ್ಬಿ ಹಾಕಿದೆ. ಹಳೆಯದನ್ನು ಬಿಚ್ಚಿ ನೋಡಿದರೆ ಅದರ ಬೆನ್ನಿಗೆ ಹಚ್ಚಬೇಕಾದ ಬಿಳೀ ಪೇಸ್ಟನ್ನೇ ಹಚ್ಚಿರಲಿಲ್ಲ. ಕಾವನ್ನು ಎಳೆದು ಹೊರಗೆ ಬಿಡುವುದು ಆ ಪೇಸ್ಟು. ಹಿಂದೆ ಹಾಕಿದವನ ಒಂದು ಸಣ್ಣ ಮರೆವು, ಇಷ್ಟಕ್ಕೆಲ್ಲ ಕಾರಣ ಅದು. ನಾನು ಬೆಣ್ಣೆಯಂತೆ ಹಚ್ಚಿ, ಗಾಳಿಯಾಡುವ ಜಾಗಕ್ಕೆ ಡಬ್ಬಿ ಸರಿಸಿ ಕೂರಿಸಿದೆ.

ಕಾರು ಆಮೇಲೆ ಒಂದು ಸಲವೂ ನಿಲ್ಲಲಿಲ್ಲ. ಜಯಮ್ಮನವರು ಅದರಲ್ಲಿ ಇನ್ನೊಂದು ವರ್ಷ ಓಡಾಡಿದರು. ಆಗಾಗ ನಿಂಗೇಗೌಡರು ಅಂಗಡಿ ಮುಂದೆ ಕಾರು ನಿಲ್ಲಿಸಿ ಬಾನೆಟ್ ಎತ್ತಿ ತೋರಿಸುವರು. ನಾನು ಹಿಂದಿನ ಸೀಟಿನ ಕಡೆ ಹೋಗುತ್ತಿರಲಿಲ್ಲ. ಒಮ್ಮೆ ಮಾತ್ರ ಆಕೆ ಕಿಟಕಿಯಿಂದ ಕರೆದು, "ಬಲು ಚೆನ್ನಾಗಿ ರಿಪೇರಿ ಮಾಡ್ಬುಟ್ಟೆ ಕಣಪ್ಪ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಹೊಗಳಿಕೆಯೂ ಅಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಇದನ್ನೆಲ್ಲ ನಾನು ಬಿಡಿಸಿ ನೋಡದೆ ಬಿಟ್ಟಿಲ್ಲ. ಬಿಸಿಲಿಗೆ ನನಗೇ ತಲೆ ತಿರುಗಿರಬಹುದು. ನಾನು ಸಿಡುಕಿದ ಮಾತು ನಿದ್ದೆಗಣ್ಣಿನಲ್ಲಿ ಆಕೆಯ ಕಿವಿಗೆ ಬಿದ್ದು ಕನಸಾಗಿರಬಹುದು. ಕೂಲಿಗೆ ಹೋಗುವ ಯಾರೋ ಹೆಂಗಸು ಬಂದು ಹೋಗಿರಬಹುದು, ಬಟ್ಟೆಯನ್ನು ಅವಳೇ ತೆಗೆದುಕೊಂಡು ಹೋಗಿರಬಹುದು, ಎಲ್ಲಿಂದ ಬಂದಳು, ಎಲ್ಲಿಗೆ ಹೋದಳು ಎಂದು ಮಾತ್ರ ಕೇಳಬೇಡಿ. ಆದರೆ ಕಿಡಿ? ಬೆರಳು ಸುಟ್ಟ ಡಬ್ಬಿ ಆ ಬಿಸಿಲಲ್ಲಿ ಮೂರು ನಿಮಿಷಕ್ಕೆ ತಾನಾಗಿ ತಣ್ಣಗಾಗುವುದಿಲ್ಲ. ಎಷ್ಟೋ ಡಬ್ಬಿಗಳನ್ನು ಬೇಕೆಂದೇ ಕಾಯಿಸಿ, ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ, ಯಾವುದೂ ಆಗಿಲ್ಲ. ಬಳೆಯ ಮಾತಿಗಂತೂ ನನ್ನ ಹತ್ತಿರ ಯಾವ ಮೀಟರೂ ಇಲ್ಲ.

ಜಯಮ್ಮನವರು ತೀರಿಕೊಂಡು ಮೂರು ತಿಂಗಳ ಮೇಲೆ ನಿಂಗೇಗೌಡರು ಒಬ್ಬರೇ ಬಂದರು. ಇಂಡಿಕೇಟರ್ ಬಲ್ಬು ಹೋಗಿದೆ ಎಂದು ನೆಪ ಹೇಳಿದರು. ಅವರೇ ಹಾಕಿಕೊಳ್ಳಬಹುದಾದ ಕೆಲಸ. ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು, ಆಮೇಲೆ ಕೇಳಿದರು. "ಆಚಾರ್ರೇ, ಅವತ್ತು ನಾ ನೀರ್ಗೋಗಿದ್ನಲ್ಲ, ಇವ್ಳು ನಿಮ್ತಾವ ಏನಾರ ಅಂದ್ಲಾ? ಕೊನೆ ದಿಸ ಏಳುದ್ಲು, ಆಚಾರ್ರನ್ನ ಕೇಳು, ಅವ್ರ್ಗೆ ಗೊತ್ತು ಅಂತ. ಏನು ಅಂದ್ರೆ ಬಾಯ್ಬುಡ್ನಿಲ್ಲ."

ಸುಳ್ಳು ಹೇಳಲು ಮನಸ್ಸಾಗಲಿಲ್ಲ. ಪೂರ್ತಿ ಹೇಳಲು ಧೈರ್ಯವಾಗಲಿಲ್ಲ. ಕೈಯಲ್ಲಿದ್ದ ಬಲ್ಬು ಒರೆಸುತ್ತ, "ಆರ್ಲಿ ಬುಡು ಅಂದ್ರು" ಎಂದೆ.

ಅವರು ಇನ್ನೇನೋ ಬರುತ್ತದೆಂದು ಕಾದರು. ಆಮೇಲೆ ಅವರ ಮುಖ ಸಡಿಲವಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡೇ ನಕ್ಕರು.

"ಅಷ್ಟೇಯಾ! ನನ್ಗೂ ದಿನಾ ಅದೇ ಏಳೋಳು ಕಣ್ರಪ್ಪ. ಮಿಷನ್ ಆಕಿದ್ದಾಗ್ಲೂ ನನ್ ಕೈ ಇಡ್ಕಂಡು ಅದೇ ಮಾತು, ಆರ್ಲಿ ಬುಡು, ಆರ್ಲಿ ಬುಡು ಅಂತ. ಗಾಡೀದೇ ಗ್ಯಾನ ಅವ್ಳ್ಗೆ. ನಾನೂ ಏಳ್ತಿದ್ದೆ, ನೆಳ್ಳಲ್ಲೇ ನಿಲ್ಸಿವ್ನಿ ಕಣೇ, ಆರ್ತಾ ಅದೆ, ನೀನು ಮನಿಕ್ಕೊ ಅಂತ."

ಹೌದು ಎಂದು ತಲೆಯಾಡಿಸಿ, ನಾನು ಬಲ್ಬು ಹಾಕಲು ಎದ್ದೆ.